ಪೋರ್ಟ್ರೇಟ್‌ನಲ್ಲಿ ಹಿಂದೆ ಬೀಳುವ ನೆರಳು: ಫೋಟೋಗ್ರಾಫರ್ ಜೊತೆ ಪ್ರಶ್ನೋತ್ತರ

ಫೋಟೋಗ್ರಾಫರ್: ಎಲ್ಲರಿಗೂ ನಮಸ್ಕಾರ. ಗೋಡೆ, ಪರದೆ ಮೇಲೆ ಬೀಳುವ ನೆರಳಿನ ಬಗ್ಗೆ ಏನಿದ್ದರೂ ಕೇಳಿ. ಕೇಳುವಾಗ ಮೂರು ವಿಷಯ ಹೇಳಿ: ವ್ಯಕ್ತಿಯಿಂದ ಗೋಡೆಗೆ ಎಷ್ಟು ಅಡಿ, ಲೈಟ್ ಯಾವ ಕಡೆ ಇದೆ, ಎಷ್ಟು ಎತ್ತರದಲ್ಲಿದೆ.

ಸದಸ್ಯ 1: ಮೇಡಂ, ಬಿಳಿ ಗೋಡೆ ಮುಂದೆ ನಿಲ್ಲಿಸಿ ಫೋಟೋ ತೆಗೆದರೆ ತಲೆಯ ಒಂದು ಪಕ್ಕದಲ್ಲಿ ಕಪ್ಪು ಅಂಚು ಬರುತ್ತದೆ. ಗೋಡೆಗೆ ಒಂದೇ ಅಡಿ ದೂರ. ಫ್ಲ್ಯಾಶ್ ಕ್ಯಾಮೆರಾ ಮೇಲೇ ಇದೆ.

ಫೋಟೋಗ್ರಾಫರ್: ಕ್ಯಾಮೆರಾನ ಉದ್ದಕ್ಕೆ ತಿರುಗಿಸಿ ಹಿಡಿದಿದ್ದೀರಿ ಅಲ್ವಾ? ಆಗ ಫ್ಲ್ಯಾಶ್ ಲೆನ್ಸಿನ ಪಕ್ಕಕ್ಕೆ ಬರುತ್ತದೆ, ನೆರಳು ಇನ್ನೊಂದು ಪಕ್ಕಕ್ಕೆ ಬೀಳುತ್ತದೆ. ಮೊದಲು ಅವರನ್ನು ಗೋಡೆಯಿಂದ ಐದಾರು ಅಡಿ ಮುಂದೆ ಕರೆಯಿರಿ. ಆಮೇಲೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ, ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿಸಿ. ತಲೆಗಿಂತ ಎರಡು ಅಡಿ ಮೇಲಿಟ್ಟು ಮುಖದ ಕಡೆ ಬಾಗಿಸಿ. ನೆರಳು ಮಾಯವಾಗುವುದಿಲ್ಲ. ಕೆಳಗೆ, ಪಕ್ಕಕ್ಕೆ ಸರಿದು ಫ್ರೇಮಿನಿಂದ ಆಚೆ ಹೋಗುತ್ತದೆ. ಫ್ಲ್ಯಾಶ್ ಇಳಿಸಲು ಆಗದಿದ್ದರೆ ಅದರ ತಲೆಯನ್ನು ಬಿಳಿ ಸೀಲಿಂಗ್ ಕಡೆ ತಿರುಗಿಸಿ ಹೊಡೆಯಿರಿ.

ಸದಸ್ಯ 2: ನನ್ನದು ಗೋಡೆ ಅಲ್ಲ, ಬೂದು ಬಟ್ಟೆಯ ಬ್ಯಾಕ್‌ಡ್ರಾಪ್. ಒಂದೂವರೆ ಅಡಿ ದೂರ. ನೆರಳು ಬರುತ್ತಿದೆ.

ಫೋಟೋಗ್ರಾಫರ್: ಬಟ್ಟೆಗೂ ಅದೇ ಉತ್ತರ. ಮುಂದೆ ಬನ್ನಿ.

ಸದಸ್ಯ 3: ಒಂದು ಫಾರ್ವರ್ಡ್ ಬಂದಿತ್ತು: ಫ್ಲ್ಯಾಶ್ ಮೇಲೆ ಟಿಶ್ಯೂ ಪೇಪರ್ ಅಂಟಿಸಿದರೆ ನೆರಳೇ ಬೀಳುವುದಿಲ್ಲವಂತೆ. ನಿಜವೇ?

ಫೋಟೋಗ್ರಾಫರ್: ಇಲ್ಲ. ಟಿಶ್ಯೂ ಬೆಳಕನ್ನು ಕಡಿಮೆ ಮಾಡುತ್ತದೆ ಅಷ್ಟೆ. ಫ್ಲ್ಯಾಶಿನ ಮುಖ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ನೆರಳಿನ ಅಂಚು ಮೆತ್ತಗಾಗಬೇಕಾದರೆ ಬೆಳಕಿನ ಮೂಲ ದೊಡ್ಡದಾಗಬೇಕು, ಇಲ್ಲವೇ ವ್ಯಕ್ತಿಗೆ ಹತ್ತಿರ ಬರಬೇಕು. ಮುಂದೆ ಬಿಳಿ ಬಟ್ಟೆ ಇರುವ ಲೈಟಿನ ಪೆಟ್ಟಿಗೆ, ಅಂದರೆ ಮೂರಡಿ ಸಾಫ್ಟ್‌ಬಾಕ್ಸ್ ಕೂಡ ಹತ್ತು ಅಡಿ ದೂರ ಹೋದರೆ ಗಡುಸು ನೆರಳನ್ನೇ ಕೊಡುತ್ತದೆ.

ಸದಸ್ಯ 4: ಒಪ್ಪುವುದಿಲ್ಲ. ನಾನು ಫ್ಲ್ಯಾಶ್ ಮೇಲೆ ಪ್ಲಾಸ್ಟಿಕ್ ಡೋಮ್ (ಬಿಳಿ ಮುಚ್ಚಳ) ಹಾಕುತ್ತೇನೆ, ನೆರಳು ಮೆತ್ತಗೆ ಬರುತ್ತದೆ.

ಸದಸ್ಯ 5: ನಿಮ್ಮದು ಬಿಳಿ ಗೋಡೆಯ ಸಣ್ಣ ರೂಮ್. ಡೋಮ್ ಬೆಳಕನ್ನು ನಾಲ್ಕೂ ಕಡೆ ಚೆಲ್ಲುತ್ತದೆ, ಗೋಡೆಗಳು ಅದನ್ನು ವಾಪಸ್ ಕಳಿಸುತ್ತವೆ. ಕೆಲಸ ಮಾಡುತ್ತಿರುವುದು ಗೋಡೆ. ಬಯಲಲ್ಲಿ ಹಾಕಿ ನೋಡಿ.

ಸದಸ್ಯ 4: ಬಯಲಲ್ಲಿ ಗೋಡೆನೇ ಇಲ್ಲ, ನೆರಳಿನ ಪ್ರಶ್ನೆ ಎಲ್ಲಿ ಬರುತ್ತದೆ? ಸುಮ್ನೆ ವಾದ ಮಾಡಬೇಡಿ.

ಸದಸ್ಯ 6: ಮೇಡಂ, ನನ್ನದು ಸ್ವಲ್ಪ ವಿಚಿತ್ರ. ಬೂದು ಗೋಡೆಗೆ ನಾಲ್ಕು ಅಡಿ ದೂರ. ಫ್ಲ್ಯಾಶ್ ಎಡಗಡೆ, ತಲೆಯ ಮಟ್ಟದಲ್ಲಿದೆ. ಒಂದರ ಬದಲು ಎರಡು ನೆರಳು ಬಂದಿವೆ. ಬಲಗಡೆಯದು ಕಿತ್ತಳೆ, ಎಡಗಡೆಯದು ಮಾಸಲು ನೀಲಿ. ಶಟರ್ ಸ್ಪೀಡ್ 1/30 ಸೆಕೆಂಡ್, ಲೆನ್ಸಿನ ತೆರವು ಎಫ್ 4, ಬೆಳಕಿನ ಸಂವೇದನೆ ಐಎಸ್‌ಒ 1600. ಕ್ಯಾಮೆರಾ ಕೆಟ್ಟಿದೆಯೇ?

ಫೋಟೋಗ್ರಾಫರ್: ಕೆಟ್ಟಿಲ್ಲ. ಒಳ್ಳೆಯ ಪ್ರಶ್ನೆ, ಬಿಡಿಸಿ ಹೇಳುತ್ತೇನೆ. ನಿಮ್ಮ ಬಲಗಡೆ ಹಳದಿ ಬಲ್ಬ್ ಉರಿಯುತ್ತಿರಬೇಕು. ಫ್ಲ್ಯಾಶಿನ ಬೆಳಕು ಬೆಳ್ಳಗೆ, ಬಲ್ಬಿನದು ಹಳದಿ. ಫ್ಲ್ಯಾಶಿನ ನೆರಳು ಬಲಗಡೆ ಬೀಳುತ್ತದೆ. ಆ ಜಾಗಕ್ಕೆ ಫ್ಲ್ಯಾಶ್ ತಲುಪುವುದಿಲ್ಲ, ಬಲ್ಬ್ ಮಾತ್ರ ತಲುಪುತ್ತದೆ. ಹಾಗಾಗಿ ಅದು ಕಿತ್ತಳೆ. ಬಲ್ಬಿನ ನೆರಳು ಬಿದ್ದ ಎಡಗಡೆ ಫ್ಲ್ಯಾಶ್ ಮಾತ್ರ ಇದೆ. ಸುತ್ತಲಿನ ಗೋಡೆಗೆ ಎರಡೂ ಬೆಳಕು ಬಿದ್ದು ಹಳದಿ ಬೆರೆತಿರುವುದರಿಂದ ಅದು ನೀಲಿಯಾಗಿ ಕಾಣುತ್ತದೆ. ಜರ್ಮನ್ ಕವಿ ಗಯಟೆ 1810ರಲ್ಲೇ ಇಂಥ ಬಣ್ಣದ ನೆರಳುಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಪತ್ತೆ ಮಾಡುವುದು ಸುಲಭ. ಸೆಟ್ಟಿಂಗ್ ಏನೂ ಬದಲಿಸದೆ, ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ರೂಮ್ ಕಂಡರೆ ಬಲ್ಬ್ ಒಳಗೆ ನುಗ್ಗಿದೆ ಎಂದರ್ಥ. ಈಗ 1/160, ಎಫ್ 5.6, ಐಎಸ್‌ಒ 200 ಇಡಿ. ಬಲ್ಬಿನ ಬೆಳಕು ಆರು ಸ್ಟಾಪಿಗಿಂತ ಜಾಸ್ತಿ ಇಳಿಯುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ ಆಯಿತು ಎಂದರ್ಥ). ಶಟರ್ ಸ್ಪೀಡ್ ಏರಿಸಿದ್ದಕ್ಕೆ ಫ್ಲ್ಯಾಶ್ ಇಳಿಯುವುದಿಲ್ಲ, ಅದು ಕ್ಷಣಾರ್ಧದಲ್ಲಿ ಮಿಂಚಿ ಮುಗಿದಿರುತ್ತದೆ. ಎಫ್ ಮತ್ತು ಐಎಸ್‌ಒ ಬದಲಿಸಿದ್ದಕ್ಕೆ ಮಾತ್ರ ಅದರ ಪವರ್ ಏರಿಸಬೇಕು. ಕ್ಯಾಮೆರಾದ ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಇಡಬಹುದಾದ ಅತಿ ವೇಗದ ಶಟರ್ ಸ್ಪೀಡ್) ದಾಟಬೇಡಿ, ದಾಟಿದರೆ ಫೋಟೋದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ. ಬಲ್ಬ್ ಆರಿಸಿದರೂ ಆಯಿತು, ಆದರೆ ಕತ್ತಲಲ್ಲಿ ಫೋಕಸ್ ಕಷ್ಟ.

ಸದಸ್ಯ 6: ಹೌದು ಮೇಡಂ, ಬಲಗಡೆ ಟೇಬಲ್ ಲ್ಯಾಂಪ್ ಇತ್ತು! ಧನ್ಯವಾದ.

ಸದಸ್ಯ 7: ಇಷ್ಟೆಲ್ಲ ಯಾಕೆ? ಎಫ್ 1.8 ಇಟ್ಟರೆ ಹಿಂದಿನದೆಲ್ಲ ಬ್ಲರ್ ಆಗುತ್ತದೆ.

ಸದಸ್ಯ 5: ನೆರಳೂ ಬ್ಲರ್ ಆಗುತ್ತದೆ, ಹೋಗುವುದಿಲ್ಲ. ಭುಜದ ಪಕ್ಕ ಕಲೆ ಬಿದ್ದ ಹಾಗೆ ಉಳಿಯುತ್ತದೆ.

ಸದಸ್ಯ 7: ಹಾಗಾದರೆ ಎಡಿಟಿಂಗಿನಲ್ಲಿ ತೆಗೆದರಾಯಿತು.

ಸದಸ್ಯ 5: ಕೂದಲಿನ ಅಂಚು ನೋಡಿದ್ದೀರಾ? ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ.

ಸದಸ್ಯ 4: ಸದಸ್ಯ 5 ಅವರಿಗೆ ಎಲ್ಲವೂ ಗೊತ್ತು. ಮೇಡಂಗೂ ಮಾತಾಡಲು ಬಿಡಿ.

ಸದಸ್ಯ 8: ಪಾಸ್‌ಪೋರ್ಟ್ ಫೋಟೋದಲ್ಲಿ ಕಿವಿ ಹಿಂದೆ ನೆರಳು ಬರದ ಹಾಗೆ ಮಾಡುವುದು ಹೇಗೆ?

ಸದಸ್ಯ 9: ಮೇಡಂ, ನನ್ನ ಹತ್ತಿರ 1000 ವ್ಯಾಟ್ ಹ್ಯಾಲೋಜನ್ ಲೈಟ್ ಇದೆ. ನೆರಳು ಮೆತ್ತಗಾಗಲಿ ಅಂತ ಅದಕ್ಕೆ ಬಿಳಿ ಬಟ್ಟೆ ಸುತ್ತಿ ಮಗುವಿನ ಫೋಟೋ ತೆಗೆಯುತ್ತಿದ್ದೇವೆ. ಫಾರ್ವರ್ಡ್‌ನಲ್ಲಿ ಬಂದ ಐಡಿಯಾ. ಚೆನ್ನಾಗಿ ಬರುತ್ತಿದೆ, ಸ್ವಲ್ಪ ವಾಸನೆ ಬರುತ್ತದೆ ಅಷ್ಟೆ. ಯಾವ ಬಟ್ಟೆ ಒಳ್ಳೆಯದು?

ಫೋಟೋಗ್ರಾಫರ್: ಈಗಲೇ ಆಫ್ ಮಾಡಿ, ಪ್ಲಗ್ ಕೀಳಿ. ಮಗುವನ್ನು ಆ ರೂಮಿನಿಂದ ಹೊರಗೆ ಕರೆದುಕೊಂಡು ಹೋಗಿ. ಬಾಕಿ ಆಮೇಲೆ ಓದಿ.

ಹ್ಯಾಲೋಜನ್ ಬಲ್ಬಿನ ಗಾಜು 250 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯುತ್ತದೆ. ಅಷ್ಟು ಕಾದರೇನೇ ಅದು ಸರಿಯಾಗಿ ಕೆಲಸ ಮಾಡುವುದು. ಬಟ್ಟೆ ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಹೊಗೆ, ಆಮೇಲೆ ಬೆಂಕಿ. ನಿಮಗೆ ಬರುತ್ತಿರುವ ವಾಸನೆ ಸುಡಲು ಶುರುವಾದ ಬಟ್ಟೆಯದು. ಸುತ್ತಿದ ಬಟ್ಟೆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬಲ್ಬ್ ಸಿಡಿದರೆ ಸುಡುವ ಗಾಜು ಮಗುವಿನ ಮೇಲೆ ಬೀಳುತ್ತದೆ. ಆರಿಸಿದ ಮೇಲೂ ಪೂರ್ತಿ ತಣ್ಣಗಾಗುವವರೆಗೆ ಯಾರಾದರೂ ಅಲ್ಲೇ ಇದ್ದು ನೋಡುತ್ತಿರಿ. ಯಾವ ಬಟ್ಟೆಯೂ ಬೇಡ. ಬಟರ್ ಪೇಪರ್ ಬೇಡ, ಬಣ್ಣದ ಪ್ಲಾಸ್ಟಿಕ್ ಹಾಳೆಯೂ ಬೇಡ.

ಮಗುವಿಗೆ ಕಿಟಕಿ ಬೆಳಕು ಸಾಕು. ಬಿಸಿಲು ನೇರ ಬೀಳದ ದೊಡ್ಡ ಕಿಟಕಿ ನೋಡಿ. ಮಗುವನ್ನು ಕಿಟಕಿಗೆ ಪಕ್ಕವಾಗಿ, ಹಿಂದಿನ ಗೋಡೆಯಿಂದ ಐದಡಿ ಮುಂದೆ ಕೂರಿಸಿ. ಮುಖದ ಕತ್ತಲ ಬದಿಗೆ ಒಂದು ಬಿಳಿ ರಟ್ಟು ಹಿಡಿಯಿರಿ. ಕಿಟಕಿಯೇ ಅಷ್ಟು ದೊಡ್ಡ ಮೂಲ. ಗೋಡೆ ಮೇಲೆ ಗುರುತಿಸುವಂಥ ನೆರಳೇ ಉಳಿಯುವುದಿಲ್ಲ.

ಎಲ್ಲರಿಗೂ ಹೇಳುತ್ತಿದ್ದೇನೆ. ಇಂಥ ಫಾರ್ವರ್ಡ್ ಇನ್ನೊಬ್ಬರಿಗೆ ಕಳಿಸುವ ಮೊದಲು ಆ ಲೈಟಿನ ಹತ್ತಿರ ಕೈ ಒಯ್ದು ನೋಡಿ. ಎಷ್ಟು ದೂರದಲ್ಲಿ ಕೈ ತಡೆಯುವುದಿಲ್ಲ ಅಂತ ಗೊತ್ತಾಗುತ್ತದೆ. ಸದಸ್ಯ 9, ಆಫ್ ಮಾಡಿದ್ರಾ?

ಸದಸ್ಯ 3: ಟಿಶ್ಯೂ ಬದಲು ಬಿಳಿ ಪ್ಲಾಸ್ಟಿಕ್ ಕಪ್ ಹಾಕಿದರೆ?

ಫೋಟೋಗ್ರಾಫರ್: ಟಿಶ್ಯೂಗೆ ಹೇಳಿದ ಉತ್ತರವೇ. ಸದಸ್ಯ 9, ಉತ್ತರ ಹಾಕಿ.

ಸದಸ್ಯ 10: ನೆರಳಿನ ಜಾಗಕ್ಕೆ ಬಲಗಡೆಯಿಂದ ಇನ್ನೊಂದು ಫ್ಲ್ಯಾಶ್ ಹೊಡೆದೆ. ಈಗ ಎಡಗಡೆಯೂ ನೆರಳು ಬಂತು.

ಫೋಟೋಗ್ರಾಫರ್: ಎರಡನೆಯದನ್ನು ವ್ಯಕ್ತಿಯ ಹಿಂದಿಟ್ಟು ಗೋಡೆಗೆ ಮಾತ್ರ ಬಿಡಿ. ಮುಖಕ್ಕೆ ಬೀಳಬಾರದು. ಜಾಸ್ತಿ ಮಾಡಿದರೆ ಬೆಳಕು ಮುಂದಕ್ಕೆ ಸುತ್ತಿ ಕೂದಲಿನ ಅಂಚು ತಿನ್ನುತ್ತದೆ.

ಸದಸ್ಯ 8: ಪಾಸ್‌ಪೋರ್ಟ್ ಫೋಟೋ ಬಗ್ಗೆ ಕೇಳಿದ್ದೆ. ಯಾರೂ ನೋಡುತ್ತಿಲ್ಲವೇ?

ಸದಸ್ಯ 4: ಬೆಂಕಿ ವಿಷಯ ನಡೆಯುತ್ತಿದೆ, ಸ್ವಲ್ಪ ತಡೀರಿ.

ಸದಸ್ಯ 8: ನೀವು ಅರ್ಧ ಗಂಟೆ ಡೋಮ್ ಬಗ್ಗೆ ಮಾತಾಡಿದಿರಿ, ಆಗ ಯಾರೂ ತಡೆಯಲಿಲ್ಲ.

ಸದಸ್ಯ 9: ಆಫ್ ಮಾಡಿದ್ದೇನೆ ಮೇಡಂ. ಬಿಚ್ಚಿ ನೋಡಿದರೆ ಬಟ್ಟೆ ಮಧ್ಯದಲ್ಲಿ ಕಂದು ಕಲೆ ಆಗಿದೆ, ಮುಟ್ಟಿದರೆ ಪುಡಿಯಾಗುತ್ತದೆ. ಮಗು ಹೊರಗಿದೆ. ಎಲ್‌ಇಡಿ ಲೈಟ್ ತಂದರೆ ಬಟ್ಟೆ ಕಟ್ಟಬಹುದಾ?

ಫೋಟೋಗ್ರಾಫರ್: ಲೈಟಿಗೆ ಕಟ್ಟಬೇಡಿ. ಎರಡು ಅಡಿ ಮುಂದೆ, ಬೇರೆ ಸ್ಟ್ಯಾಂಡಿಗೆ ತೂಗುಹಾಕಿ. ಬೆಳಕು ಬಟ್ಟೆ ಪೂರ್ತಿ ಹರಡುತ್ತದೆ, ಮೂಲವೂ ದೊಡ್ಡದಾಗುತ್ತದೆ. ಎಲ್‌ಇಡಿಯ ಹಿಂದೆ ಫ್ಯಾನ್ ಇದ್ದರೆ ಅದನ್ನು ಮುಚ್ಚಬೇಡಿ.