ಓದು ಹತ್ತದ್ದು ಯಾರ ಕಡೆಯಿಂದ? ಓದುಗರ ಸ್ಪಂದನ

ನಾಲ್ಕನೇ ಕ್ಲಾಸಿನ ಮಗ ಇನ್ನೂ ತಡವರಿಸಿ ಓದುತ್ತಾನೆ. ಅತ್ತೆ ‘ನಿನ್ನ ತವರಿನ ಕಡೆಯದು’ ಅಂತಾರೆ, ಗಂಡ ‘ಮೊಬೈಲಿಂದ’ ಅಂತಾರೆ. ಯಾರ ಮಾತು ನಿಜ? ಹೀಗೆ ಕೇಳಿದ್ದ ದಾವಣಗೆರೆಯ ಸೋದರಿಗೆ ಬಂದ ಕೆಲವು ಪತ್ರಗಳು. –ಸಂ.

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮಪ್ಪನಿಗೆ ಓದು ಬರಲಿಲ್ಲ, ನನಗೂ ಅಷ್ಟೇ. ‘ಲಕ್ಷ್ಮಿ’ ಅಂತ ಇದ್ದರೆ ‘ಲ’ ಅಂದು ನಿಂತುಬಿಡುತ್ತಿದ್ದೆ. ಕ, ಷ, ಮ ಮೂರೂ ಒಂದೇ ಕಡೆ, ಮೇಲೆ ಗುಡಿಸು ಬೇರೆ. ಯಾವುದನ್ನು ಮೊದಲು ಹೇಳೋದು? ಮೇಷ್ಟ್ರು ಬೆರಳ ಗೆಣ್ಣಿಗೆ ಸ್ಕೇಲಿಂದ ಹೊಡೆಯುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಈಗ ಮೋಟಾರ್ ರಿವೈಂಡಿಂಗ್ ಮಾಡ್ತೀನಿ.

ಮಗಳಿಗೂ ಹಾಗೇ ಆದಾಗ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಡಿಸ್ಲೆಕ್ಸಿಯಾ ಅಂದರು, ಅಂದರೆ ದಡ್ಡತನವಲ್ಲ, ಅಕ್ಷರ ಓದೋದೇ ಕಷ್ಟವಾಗುವ ತೊಂದರೆ. ರಕ್ತದಲ್ಲಿ ಬರುತ್ತೆ ನಿಜ, ಆದರೆ ಸರಿಯಾಗಿ ಕಲಿಸಿದರೆ ಓದು ಸುಧಾರಿಸುತ್ತೆ ಅಂದರು. ಅಲ್ಲಿಂದ ದಿನಾ ಸ್ವಲ್ಪ ಹೊತ್ತು ಒತ್ತಕ್ಷರ ಬಿಡಿಸಿ, ಬಾಯಿಬಿಟ್ಟು ಹೇಳಿಸಿ, ಮತ್ತೆ ಸೇರಿಸಿ ಓದಿಸುತ್ತೇವೆ. ಈಗಲೂ ನಿಧಾನವೇ. ಆದರೆ ಪುಸ್ತಕ ಕಂಡರೆ ಹೆದರಲ್ಲ. ನಮ್ಮಪ್ಪ ಮಾತ್ರ ‘ನಾನು ದಡ್ಡ’ ಅಂದುಕೊಂಡೇ ತೀರಿಕೊಂಡರು.
–ಓದುಗ, ತಿಪಟೂರು

ಎಲ್ಲರೂ ಇಷ್ಟು ಮೃದುವಾಗಿ ಬರೆದಿಲ್ಲ. –ಸಂ.

ತಪ್ಪು ಯಾರದು ಅಂತ ನೀವು ಮೂವರೂ ವಾದ ಮಾಡುವಾಗ ಹುಡುಗ ಎಲ್ಲಿರ್ತಾನೆ? ಪಕ್ಕದ ಕೋಣೆಯಲ್ಲೇ ಅಲ್ವಾ?
–ಓದುಗಿ, ಹಾಸನ

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ನಮ್ಮ ತಂಗಿ ಮಗನಿಗೆ ಕನ್ನಡಕ ಬಂದ ಮೇಲೆ ಸರಿಹೋಯಿತು.
–ಓದುಗ, ಗದಗ

ಪರೀಕ್ಷೆ ಮಾಡಿಸುವುದು ಒಳ್ಳೆಯದೇ. ಆದರೆ ಡಿಸ್ಲೆಕ್ಸಿಯಾ ಕಣ್ಣಿನ ತೊಂದರೆಯಲ್ಲ. –ಸಂ.

ನಾನು ಜೀವಶಾಸ್ತ್ರ ಉಪನ್ಯಾಸಕಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಓದಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಜೀನುಗಳದು. ಆದರೆ ಅದು ಒಂದು ಜೀನಿನ ಕೆಲಸವಲ್ಲ. 2022ರಲ್ಲಿ ಡಿಸ್ಲೆಕ್ಸಿಯಾ ಇರುವ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಮಾಡಿದ ಅಧ್ಯಯನದಲ್ಲಿ ಅದಕ್ಕೆ ನಂಟಿರುವ 42 ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. ಒಂದೊಂದರ ಪ್ರಭಾವ ತೀರಾ ಸಣ್ಣದು. ಅಪ್ಪನಿಂದ ಕೆಲವು, ಅಮ್ಮನಿಂದ ಕೆಲವು ಬರಬಹುದು. ತವರಿನದು ಅಂತ ಬೆರಳು ತೋರಿಸುವುದು ಅನ್ಯಾಯ.
–ಓದುಗಿ, ಮೈಸೂರು

ಸ್ವಲ್ಪ ತಾಳಿ. ಕಾಗುಣಿತ, ಒತ್ತು ಸೇರಿದರೆ ಕನ್ನಡದಲ್ಲಿ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಅಷ್ಟೂ ಗಟ್ಟಿಯಾಗಲು ಎಷ್ಟೋ ಮಕ್ಕಳಿಗೆ ನಾಲ್ಕು-ಐದನೇ ಕ್ಲಾಸೇ ಬೇಕು.
–ನಿವೃತ್ತ ಶಿಕ್ಷಕಿ, ಶಿರಸಿ

ಶಿಕ್ಷಕಿಯವರ ಅನುಭವ ದೊಡ್ಡದು. ಆದರೂ ತಪಾಸಣೆಯನ್ನು ಮುಂದೂಡಬೇಡಿ ಎಂದು ನಮ್ಮ ಕೋರಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. –ಸಂ.