ವಿಟಮಿನ್ ಬಿ12 ವರದಿ ಸಹಜ, ಆದರೆ ಕಾಲು ಜೋಮು: ಮುಂದಿನ ಪರೀಕ್ಷೆ ಯಾವುದು?

ಪ್ರಶ್ನೆ (ಮಂಡ್ಯದಿಂದ): ನಮ್ಮ ತಾಯಿಯವರು ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗಾಗಿ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದಾರೆ. ಈಚೆಗೆ ಅವರ ಅಂಗಾಲು ಜೋಮು ಹಿಡಿದು, ಚಪ್ಪಲಿ ಕಳಚಿಕೊಂಡರೂ ತಿಳಿಯದಂತಾಗಿದೆ. ರಕ್ತದಲ್ಲಿ ಬಿ12 ಪ್ರಮಾಣ 240 ಪಿಕೋಗ್ರಾಂ ಎಂದು ಬಂದಿದ್ದು, ವರದಿಯ ಪ್ರಕಾರ ಅದು ಸಹಜವಂತೆ. ಇಷ್ಟಕ್ಕೇ ನಿಶ್ಚಿಂತರಾಗಬಹುದೇ?

ಉತ್ತರ (ಮೈಸೂರಿನಿಂದ): ದಯವಿಟ್ಟು ಇಷ್ಟಕ್ಕೇ ಬಿಡಬೇಡಿ. ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದೂ, 200ರಿಂದ 300ರ ನಡುವೆ ಇದ್ದರೆ ಖಚಿತವಾಗಿ ಹೇಳಲಾಗದೆಂದೂ ಪರಿಗಣಿಸುತ್ತಾರೆ. ಆಗ, ಜೀವಕೋಶಗಳಿಗೆ ಬಿ12 ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ನೆರವಾಗುತ್ತದೆ. ಮೂತ್ರಪಿಂಡದ ತೊಂದರೆಯಲ್ಲೂ ಅದು ಹೆಚ್ಚುವುದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಯನ್ನೂ ವೈದ್ಯರಿಗೆ ತೋರಿಸಿ. ಮೆಟ್‌ಫಾರ್ಮಿನ್ ಬಿ12 ಹೀರಿಕೆಯನ್ನು ತಗ್ಗಿಸಬಲ್ಲದು. ಹಾಗೆಂದು ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯಿಂದಲೂ ಜೋಮು ಬರುತ್ತದೆ.

ಇನ್ನೊಂದು ಉತ್ತರ (ಶ್ರೀರಂಗಪಟ್ಟಣದಿಂದ): ಮುದ್ದೆ, ಸೊಪ್ಪಿನ ಸಾರು ಎಷ್ಟು ಉಂಡರೂ ಬಿ12 ಸಿಗದು, ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಆಧಾರ. ನನಗೆ ಹೆಚ್ಚು ಆತಂಕ ತರುವುದು ಬಿ12 ಕೊರತೆಯಿದ್ದಾಗಲೂ ಫೋಲಿಕ್ ಆಮ್ಲವನ್ನಷ್ಟೇ (ಇನ್ನೊಂದು ಬಿ ವಿಟಮಿನ್) ನುಂಗುವ ರೂಢಿ: ಆ ಕೊರತೆಯಿಂದಾದ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯಬಹುದು.

ಪ್ರಶ್ನೆ ಕೇಳಿದವರು: ಚುಚ್ಚುಮದ್ದನ್ನು ಮೊದಲೇ ಕೊಡಿಸಬಹುದೇ?

ಉತ್ತರ (ಮೈಸೂರಿನಿಂದ): ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಕೊಡಿಸಿ; ಮೊದಲೇ ಕೊಡಿಸಿದರೆ ಪ್ರಮಾಣ ಏರಿ ಕೊರತೆ ಮರೆಯಾಗುತ್ತದೆ.