ಜಯಲಕ್ಷ್ಮಿ ವಿಲಾಸ: ಮಲೆನಾಡಿನವನೊಬ್ಬನ ಪ್ರಶ್ನೆ

ಪ್ರಶ್ನೆ (ಕೊಪ್ಪದಿಂದ):
ಮಾನ್ಯರೇ, ಕಳೆದ ತಿಂಗಳು ಮೈಸೂರಿಗೆ ಹೋಗಿದ್ದಾಗ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸವನ್ನು ಹೊರಗಿನಿಂದಲೇ ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಮುಂಡಿಗೆ (ಮರದ ಕಂಬ), ಜಗಲಿ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಮೇಲೊಂದು ಉಪ್ಪರಿಗೆ, ಇವೇ ದೊಡ್ಡ ಮನೆಯ ಲಕ್ಷಣವೆಂದು ನಂಬಿ ಬೆಳೆದವನು ನಾನು. ಮೈಸೂರಿನ ಅರಸು ಮನೆತನದವರು ಗ್ರೀಕ್ ದೇಗುಲದಂಥ ಜೋಡಿಕಂಬಗಳ ಭವನವನ್ನು ಏಕೆ ಕಟ್ಟಿಸಿದರು? ಯಾರಿಗಾಗಿ ಕಟ್ಟಿಸಿದರು? ನಮ್ಮ ಹಳೆಯ ಮನೆಯ ಗೋಡೆಗಳನ್ನು ಈ ಬೇಸಿಗೆಯಲ್ಲಿ ದುರಸ್ತಿ ಮಾಡಿಸಬೇಕಾಗಿದೆ. ಆದ್ದರಿಂದ ಇಂಥ ಕಟ್ಟಡಗಳನ್ನು ಉಳಿಸಿಕೊಳ್ಳುವ ಬಗೆಯನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ (ಚಿಕ್ಕಮಗಳೂರಿನಿಂದ):
ಅದನ್ನು ಕಟ್ಟಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ, 1905ರಲ್ಲಿ. 1897ರಲ್ಲಿ ಇದೇ ರಾಜಕುಮಾರಿಗೆ ಕಾಂತರಾಜ ಅರಸರೊಂದಿಗೆ ಮದುವೆ ನಡೆಯುತ್ತಿದ್ದ ದಿನಗಳಲ್ಲಿಯೇ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಲ್ಯಾಣ ಮಂಟಪವನ್ನು ಹೊತ್ತಿರುವುದು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು. ಕಾಂತರಾಜ ಅರಸರು ಮುಂದೆ ವಿಶ್ವೇಶ್ವರಯ್ಯನವರ ನಂತರ ದಿವಾನರಾದರು.

ಗ್ರೀಕ್ ಕಂಬಗಳ ಮಾತಿಗೆ ಬಂದರೆ, 1868ರಲ್ಲಿ ಮುಗಿದ ಬೆಂಗಳೂರಿನ ಅಠಾರ ಕಚೇರಿಯನ್ನು (ಈಗ ಹೈಕೋರ್ಟ್ ಇರುವ ಕಟ್ಟಡ) ನೆನೆಯಿರಿ. ಆ ಕಾಲಕ್ಕೆ ಅಧಿಕಾರ ಮತ್ತು ಗೌರವಗಳನ್ನು ತೋರಿಸುವ ಕಟ್ಟಡವೆಂದರೆ ಅಂಥ ಕಂಬಸಾಲಿನದೇ ಆಗಿತ್ತು. ಆದರೆ ಹೊರಗಿನ ಮುಖವನ್ನಷ್ಟೇ ನೋಡಿ ಜಯಲಕ್ಷ್ಮಿ ವಿಲಾಸವನ್ನು ಪರದೇಶದ ಕಟ್ಟಡವೆಂದು ತೀರ್ಮಾನಿಸುವುದು ನನಗೆ ಸರಿಯೆನಿಸುವುದಿಲ್ಲ. ಒಳಗೆ ಕಲ್ಯಾಣ ಮಂಟಪವಿದೆ, ಕೆತ್ತನೆಯ ಬಾಗಿಲುಗಳಿವೆ. ಅಲ್ಲಿ ನಡೆಯಬೇಕಾಗಿದ್ದ ಶುಭಕಾರ್ಯಗಳು ನಮ್ಮ ನಾಡಿನವೇ ಆಗಿದ್ದವು.

ಉತ್ತರ (ಹಾಸನದಿಂದ, ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವವರು):
ದುರಸ್ತಿಯ ಬಗ್ಗೆ ನಾನು ಹೇಳುತ್ತೇನೆ. ಆ ಕಾಲದ ಗೋಡೆಗಳು ಸುಣ್ಣದ ಗಾರೆಯವು. ಗಾರೆ ತೇವವನ್ನು ಹೀರಿಕೊಂಡರೂ ಬಿಸಿಲು ಬಿದ್ದೊಡನೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು, ಇಟ್ಟಿಗೆ ಪುಡಿಯಾಗಿ, ಕೊನೆಗೆ ಸಿಮೆಂಟ್ ಹಪ್ಪಳದಂತೆ ಎದ್ದು ಬರುತ್ತದೆ. ಮದ್ರಾಸ್ ತಾರಸಿ ಇರುವ ಕಟ್ಟಡಗಳ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಸುಣ್ಣದ ಕಾಂಕ್ರೀಟ್ ಬಡಿದು ಮಾಡಿದ ಆ ಮಾಡಿನಲ್ಲಿ ಒಂದು ಬಿರುಕು ಬಿಟ್ಟರೂ ಗೋಡೆಯೊಳಗೆ ಸೇರಿಕೊಂಡಿರುವ ತೊಲೆಯ ತುದಿ ಕಣ್ಣಿಗೆ ಕಾಣದಂತೆ ಕೊಳೆಯತೊಡಗುತ್ತದೆ. ನಿಮ್ಮ ಕಡೆಯ ಮಳೆಗೆ ಗೋಡೆಗಿಂತ ಮೊದಲು ಮಾಡನ್ನು ನೋಡಿಸಿ, ಒಡೆದ ಹೆಂಚುಗಳನ್ನು ಬದಲಿಸಿ, ಆಮೇಲೆ ಗೋಡೆಗೆ ಕೈಹಾಕಿ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವವರೆಗೆ ಕಾಯುವುದರಲ್ಲಿ ನಷ್ಟವಿಲ್ಲ.

ಉತ್ತರ (ಅರಸೀಕೆರೆಯಿಂದ):
ಒಂದು ಸಂಗತಿಯನ್ನು ಸೇರಿಸುತ್ತೇನೆ. ಈ ಭವನವನ್ನು 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಕೊಂಡವರು ಆಗ ಉಪಕುಲಪತಿಗಳಾಗಿದ್ದ ಕುವೆಂಪು; ಅವರು ಹುಟ್ಟಿದ್ದು ನಿಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಮುಂದೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡು ತೊಗಲುಬೊಂಬೆ, ಯಕ್ಷಗಾನದ ವೇಷಭೂಷಣ, ಬೇಸಾಯದ ಸಲಕರಣೆಗಳೆಲ್ಲ ರಾಜಕುಮಾರಿಯ ಮನೆಯೊಳಗೆ ಬಂದು ಸೇರಿದವು. 2000ರ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಭವನದ ಜೀರ್ಣೋದ್ಧಾರವೂ ನಡೆಯಿತು. ಮತ್ತೆ ಹೋಗುವುದಾದರೆ, ಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಹಾಸನದವರಲ್ಲಿ ಒಂದು ವಿನಂತಿ: ನಮ್ಮ ನಡುಮನೆಯ ಪಡುವಣ ಗೋಡೆಗೆ ಹಿಂದೊಮ್ಮೆ ಬಳಿದ ಸಿಮೆಂಟ್ ನೀವು ಹೇಳಿದಂತೆಯೇ ಎದ್ದು ಬರುತ್ತಿದೆ. ಅದನ್ನು ಪೂರ್ತಿ ಕೆರೆದು ತೆಗೆಸಿ, ಗೋಡೆ ಒಣಗಲು ಎಷ್ಟು ದಿನ ಬಿಡಬೇಕೆಂದು ದಯವಿಟ್ಟು ತಿಳಿಸಿ.